ಓದುವ ಕೋಣೆಯ ದೀಪ

ಯಾವ ಕೋಣೆಗೆ ಕಾಲಿಟ್ಟರೂ ಅವರ ಕಣ್ಣು ಮೊದಲು ಚಾವಣಿಗೆ ಹೋಗುತ್ತಿತ್ತು, ಆಮೇಲೆ ಮನುಷ್ಯರ ಕಡೆಗೆ. ನಗರಸಭೆಯಲ್ಲಿ ವಿದ್ಯುತ್ ಉಳಿತಾಯದ ಹೊಣೆ ಹೊತ್ತಿದ್ದ ಈ ಅಧಿಕಾರಿ ಗೋಡೆಗೆ ಭುಜ ತಾಗಿಸಿಕೊಂಡೇ ನಡೆಯುತ್ತಿದ್ದರು, ಸ್ವಿಚ್ಚುಗಳಿರುವುದು ಗೋಡೆಯಲ್ಲಿ ತಾನೆ! ಬೆಳಕು ಅಳೆಯುವ ಪುಟ್ಟ ಮೀಟರಿನ ಭಾರಕ್ಕೆ ಅವರ ಕಂದು ಕೋಟಿನ ಬಲಜೇಬು ಜೋತುಬಿದ್ದಿತ್ತು. ದೀಪ ಆರಿಸುವಾಗ "ಸಾಕಲ್ವಾ, ಇಷ್ಟು ಸಾಕಲ್ವಾ" ಎಂದು ತಮ್ಮಷ್ಟಕ್ಕೆ ಗೊಣಗುತ್ತಿದ್ದರು. ಕಚೇರಿಯಲ್ಲಿ ನಾವೆಲ್ಲ ಅವರಿಗಿಟ್ಟ ಹೆಸರು ಕತ್ತಲೆರಾಯರು. ಅದು ಕಿವಿಗೆ ಬಿದ್ದಾಗ ಬಿರುದು ಸಿಕ್ಕವರಂತೆ ಮುಗುಳ್ನಕ್ಕಿದ್ದರು.

ಅವರನ್ನು ಜಿಪುಣರೆಂದವರು ತಪ್ಪು ತಿಳಿದವರು. ಹಗಲಲ್ಲಿ ಉರಿಯುವ ಬೀದಿದೀಪ ಕಂಡರೆ ಕೈಯಲ್ಲಿದ್ದ ಕೆಲಸ ಬಿಟ್ಟು, ಅದನ್ನು ಆರಿಸಿಯೇ ಮುಂದೆ ಹೋಗುತ್ತಿದ್ದರು. ಒಮ್ಮೆ ಅಧ್ಯಕ್ಷರು ಭಾಷಣದ ನಡುವಿನಲ್ಲಿರುವಾಗಲೇ ಸಭಾಂಗಣದ ಏಸಿ ಆರಿಸಿ, "ಹೊರಗೇ ತಂಪಾಗಿದೆ ಸರ್" ಎಂದು ಕಿಟಕಿಗಳನ್ನೆಲ್ಲ ತೆರೆದುಬಿಟ್ಟರು. ಅಧ್ಯಕ್ಷರ ಭಾಷಣ ಹಾಳೆಹಾಳೆಯಾಗಿ ಸದಸ್ಯರ ಮಡಿಲಿಗೆ ಹಾರಿತು. ಆ ದಿನ ಸಭೆ ಬೇಗ ಮುಗಿದದ್ದಕ್ಕೆ ಎಲ್ಲರೂ ಅವರನ್ನು ಒಳಗೊಳಗೇ ಹರಸಿದರು.

ತಾಯಿಯಿಲ್ಲದ ಅವರನ್ನು ಬೆಳೆಸಿದ್ದು ಅಕ್ಕ. ತಮ್ಮ ಓದಲೆಂದು ತಾನು ಶಾಲೆ ಬಿಟ್ಟು ದರ್ಜಿಯ ಅಂಗಡಿಯಲ್ಲಿ ಆಯುಷ್ಯವೆಲ್ಲ ಹೊಲಿದ ಆಕೆ, ಕೆಲಸದಿಂದ ಬಿಡುವಾದ ಮೇಲೆ ನಗರಸಭೆಯ ಗ್ರಂಥಾಲಯಕ್ಕೆ ಹೋಗಿ ಕಾದಂಬರಿ ಓದತೊಡಗಿದರು. ಮಧ್ಯಾಹ್ನ ಮೂಲೆಯ ಕುರ್ಚಿಯಲ್ಲಿ ಕುಳಿತರೆ ಸಂಜೆ ಬಾಗಿಲು ಹಾಕುವವರೆಗೂ ಏಳುತ್ತಿರಲಿಲ್ಲ. "ಓದೋಕೆ ಕೂತ್ರೆ ನಮ್ಮಕ್ಕ ಕಲ್ಲು!" ಎಂದು ತಮ್ಮನಿಗೆ ಹೆಮ್ಮೆಯೋ ಹೆಮ್ಮೆ.

ಆಗಲೇ ಕತ್ತಲೆರಾಯರು ಮನುಷ್ಯರ ಚಲನೆ ಕಂಡರೆ ಹೊತ್ತಿ, ಚಲನೆ ನಿಂತರೆ ಆರುವ ದೀಪಗಳನ್ನು ತರಿಸಿದ್ದು. ಕಚೇರಿಯ ಮೊಗಸಾಲೆಯಲ್ಲಿ, ಶೌಚಾಲಯಗಳಲ್ಲಿ ಅವು ಸೊಗಸಾಗಿ ನಡೆದವು. ಆ ಹುರುಪಿನಲ್ಲೇ, ಹಗಲಲ್ಲೂ ಬೆಳಕು ಸಾಲದ ಗ್ರಂಥಾಲಯದ ಓದುವ ಕೋಣೆಗೂ ಹಾಕಿಸಿದರು. ಅಲ್ಲಿ ಉಳಿತಾಯ ಎಣಿಕೆಯನ್ನೂ ಮೀರಿತು. ಸಭೆ ಚಪ್ಪಾಳೆ ತಟ್ಟಿದಾಗ ಅವರು ನಾಚಿ ತಲೆ ತಗ್ಗಿಸಿದರು.

ಆ ಸಾಧನೆಯನ್ನು ಕಣ್ಣಾರೆ ನೋಡಲೆಂದು ಒಂದು ಮಧ್ಯಾಹ್ನ ಹೋದರೆ ಕೋಣೆ ಕತ್ತಲಾಗಿತ್ತು. ಅವರು ಒಳಗೆ ಕಾಲಿಟ್ಟೊಡನೆ ದೀಪಗಳು ಹೊತ್ತಿಕೊಂಡವು, ಕುರ್ಚಿಗಳೆಲ್ಲ ಖಾಲಿ.

"ಓದೋರೆಲ್ಲ ಎಲ್ಲಿ?"

"ಬರಲ್ಲ ಸರ್," ಎಂದರು ಗ್ರಂಥಪಾಲಕಿ. "ಅಲ್ಲಾಡದೆ ಕೂತ್ರೆ ದೀಪ ಹೋಗುತ್ತೆ. ಪುಟಕ್ಕೊಂದು ಸಲ ಕೈ ಬೀಸ್ಕೊಂಡು ಯಾರು ಓದ್ತಾರೆ? ನಿಮ್ಮ ಅಕ್ಕ ಮಾತ್ರ ಸುಮಾರು ದಿನ ಬಂದ್ರು. ನೀವಾದ್ರೂ ಹೇಳಿ ಅಂದೆ. 'ತಮ್ಮ ಆಸೆಪಟ್ಟು ಮಾಡಿಸಿದ್ದು, ಹೇಗಮ್ಮಾ ಹೇಳ್ಲಿ' ಅಂದ್ರು."

ಪ್ರತಿ ಭಾನುವಾರ ಅಕ್ಕನ ಮನೆಗೆ ಹೋಗುತ್ತಿದ್ದವರು ಅವರು. ಗ್ರಂಥಾಲಯದ ಮಾತೆತ್ತಿದಾಗಲೆಲ್ಲ ಅಕ್ಕ "ಚೆನ್ನಾಗಿದೆ ಕಣೋ" ಎಂದಿದ್ದರು. ಈಗ ಅಕ್ಕನ ಮೂಲೆಯ ಕುರ್ಚಿಯಲ್ಲಿ ತಾವೇ ಕುಳಿತು ಪುಸ್ತಕವೊಂದನ್ನು ತೆರೆದರು. ತುಸು ಹೊತ್ತಿಗೆ ದೀಪ ಆರಿತು. ಅವರು ಕೈ ಎತ್ತಲಿಲ್ಲ.

ಮರುದಿನವೇ ಏಣಿ ಹಿಡಿದು ನಿಂತು ಹಳೆಯ ಸ್ವಿಚ್ಚು ಹಾಕಿಸಿದರು. ಅಲ್ಲಿಂದ ನೇರ ಅಕ್ಕನ ಮನೆಗೆ.

"ಅಕ್ಕಾ, ದೀಪ ಸರಿ ಮಾಡ್ಸಿದೀನಿ. ಬಾ, ಹೋಗೋಣ."

"ಬಿಡೋ," ಎಂದರು ಅಕ್ಕ, ನಗುತ್ತಲೇ. "ಈಗ ನಂಗೆ ಓದೋಕೇ ಆಗಲ್ಲ. ಎರಡು ಸಾಲು ಓದೋಷ್ಟರಲ್ಲಿ ದೀಪ ಹೋಗುತ್ತೇನೋ ಅಂತ ತಲೆ ಎತ್ತಿ ನೋಡ್ತೀನಿ. ಮನೇಲೂ ಹಾಗೇ ಆಗೋಗಿದೆ. ನಿಂದೇನೂ ತಪ್ಪಿಲ್ಲ ಕಣೋ."

ಆ ಕೊನೆಯ ಮಾತನ್ನು ನುಂಗಿಕೊಳ್ಳಲು ಅವರಿಗೆ ಕಡೆಯವರೆಗೂ ಆಗಲಿಲ್ಲ. ಅಕ್ಕ ಮತ್ತೆ ಆ ಕೋಣೆಗೆ ಬರಲೂ ಇಲ್ಲ.

ಉಳಿಸುವುದನ್ನೇ ವ್ರತವಾಗಿಸಿಕೊಂಡ ಇಂಥವರು ಕೆಟ್ಟವರಲ್ಲ. ಅವರಿಲ್ಲದಿದ್ದರೆ ಊರು ಎಂದೋ ಬರಿದಾಗುತ್ತಿತ್ತು. ಪೋಲಾಗುವುದು ಅವರ ಕಣ್ಣಿಗೆ ಥಟ್ಟನೆ ಬೀಳುತ್ತದೆ. ಆದರೆ ಸದ್ದಿಲ್ಲದೆ, ಅಲುಗದೆ, ಏನನ್ನೂ ಕೇಳದೆ ಆ ಬೆಳಕನ್ನು ಬಳಸಿಕೊಂಡು ಕುಳಿತವರು ಕಣ್ಣಿಗೆ ಬೀಳುವುದಿಲ್ಲ. ಅವರು ಎದ್ದುಹೋದದ್ದೂ ಇವರ ಲೆಕ್ಕದಲ್ಲಿ ಉಳಿತಾಯವೇ.