ಪ್ರಸಾದದ ತಿರುವು

ಶನಿವಾರ ಬೆಳಿಗ್ಗೆ ಇಡಗುಂಜಿ ದೇವಸ್ಥಾನದ ಎದುರು ಸೈಕಲ್ಲುಗಳ ಸಾಲೇ ನಿಂತಿರುತ್ತಿತ್ತು. ಹೊನ್ನಾವರದ ಹಲ್ಲಿನ ಡಾಕ್ಟರು ವಿಘ್ನೇಶ್ವರ ಹೆಗಡೆಯವರು ಕಟ್ಟಿದ ಬಳಗ ಅದು. ಕುಮಟೆಯ ಬ್ಯಾಂಕಿನವರು, ಮಾವಳ್ಳಿಯ ಶಿಕ್ಷಕಿಯರು, ಹೀಗೆ ವಾರವೆಲ್ಲ ಕುರ್ಚಿಗೆ ಅಂಟಿಕೊಂಡಿದ್ದವರು ಅಂದು ಬಿಗಿ ಅಂಗಿ, ಹೆಲ್ಮೆಟ್ಟು ತೊಟ್ಟು ಸೇರುತ್ತಿದ್ದರು. ಗಣಪತಿಗೆ ಕೈಮುಗಿದು ಹೊರಟರೆ ಶರಾವತಿಯ ಬದಿಯ ರಸ್ತೆ, ಗೇರುಸೊಪ್ಪ, ಆಮೇಲೆ ಅಭಯಾರಣ್ಯದ ಘಟ್ಟ. ಡಾಕ್ಟರು ಈ ದಾರಿಯನ್ನು ಮೊಬೈಲಿನ ನಕ್ಷೆಯಲ್ಲಿ ಗುರುತು ಹಾಕಿ ಹಂಚಿದ ಮೇಲೆ ಘಟ್ಟದ ಮೇಲಿನ ಊರುಗಳಿಂದಲೂ ಸವಾರರು ಬರತೊಡಗಿದ್ದರು.

ಡಾಕ್ಟರ ಸೈಕಲ್ಲು ದುಬಾರಿಯದು. ಆದರೆ ಅದರ ಹ್ಯಾಂಡಲ್ಲಿಗೆ ಅವರ ಅಪ್ಪನ ಹಳೆಯ ಸೈಕಲ್ಲಿನ ಹಿತ್ತಾಳೆ ಗಂಟೆ ಕೂತಿತ್ತು. ಮದುಮಗಳ ಕೊರಳಿಗೆ ಎಮ್ಮೆಯ ಗಂಟೆ ಕಟ್ಟಿದ ಹಾಗಿದೆ ಎಂದು ಬಳಗದವರು ನಗುತ್ತಿದ್ದರು. ಡಾಕ್ಟರೂ ನಗುತ್ತಿದ್ದರು, ಗಂಟೆ ಮಾತ್ರ ಬಿಚ್ಚಲಿಲ್ಲ.

ಎಲ್ಲ ಶುರುವಾದದ್ದು ಪಂಚಕಜ್ಜಾಯದಿಂದ. ಇಷ್ಟು ಜನ ಪೂಜೆ ಮಾಡಿಸಿದರೆ ಪ್ರಸಾದ ರಾಶಿ ಬೀಳುತ್ತದೆ. ಏರು ಹತ್ತುವಾಗ ಅಷ್ಟು ಸಿಹಿ ತಿನ್ನಲಾಗದು, ಪ್ರಸಾದವನ್ನು ಎಸೆಯುವುದಂತೂ ಆಗದ ಮಾತು. ಘಟ್ಟದ ಒಂದು ತಿರುವಿನಲ್ಲಿ ಸಿಂಗಳೀಕಗಳು ಕಂಡವು. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ. ಡಾಕ್ಟರು ಪೊಟ್ಟಣ ಬಿಚ್ಚಿಟ್ಟು ದೂರ ನಿಂತರು. ಮುಂದಿನ ವಾರ ಅವು ಇನ್ನಷ್ಟು ಕೆಳಗೆ ಬಂದವು. ಮಳೆಗಾಲ ಕಳೆಯುವಷ್ಟರಲ್ಲಿ ಡಾಕ್ಟರು ಗಂಟೆ ಬಾರಿಸಿದರೆ ಸಾಕು, ಕೊಂಬೆ ಬಿಟ್ಟು ರಸ್ತೆಗೆ ಇಳಿಯುತ್ತಿದ್ದವು. ನಕ್ಷೆಯಲ್ಲಿ ಆ ಜಾಗಕ್ಕೆ ‘ಪ್ರಸಾದದ ತಿರುವು’ ಎಂದು ಹೆಸರೂ ಬಿತ್ತು. ಪ್ರಾಣಿಗಳಿಗೆ ಆಹಾರ ಕೊಡಬೇಡಿ ಎಂಬ ಅರಣ್ಯ ಇಲಾಖೆಯ ಹಲಗೆ ಅಲ್ಲೇ ಇತ್ತು. ಅದು ಚಿಪ್ಸ್ ಎಸೆಯುವವರಿಗೆ, ನಮ್ಮದು ದೇವರ ಪ್ರಸಾದ ಎನ್ನುತ್ತಿದ್ದರು ಡಾಕ್ಟರು. ದಿನವೆಲ್ಲ ಮಕ್ಕಳಿಗೆ ಸಿಹಿ ಮುಟ್ಟಬೇಡಿ ಎಂದು ಗದರುವ ಮನುಷ್ಯ ಹೀಗೆ ಹೇಳುವಾಗ ಯಾರಿಗೂ ನಗು ಬರಲಿಲ್ಲವಲ್ಲ, ಅದೇ ಆಶ್ಚರ್ಯ.

ಒಂದು ಶನಿವಾರ ಬಳಗಕ್ಕೆ ಹೊಸಬರು ಬಂದಿದ್ದರು. ಅವರಿಗೆ ತೋರಿಸುವ ಉಮೇದಿನಲ್ಲಿ ಡಾಕ್ಟರು ಎಲ್ಲರಿಗಿಂತ ಮುಂದೆ ಹೋಗಿ, ತಿರುವು ಬರುವ ಮೊದಲೇ ಗಂಟೆ ಬಾರಿಸಿದರು. ಮೇಲಿನಿಂದ ಟೆಂಪೋ ಒಂದು ಇಳಿಯುತ್ತಿದ್ದುದು ಅವರಿಗೆ ಕಾಣಲಿಲ್ಲ. ಬ್ರೇಕಿನ ಸದ್ದು ಕೇಳಿತು. ತಿರುವು ದಾಟಿ ನೋಡಿದರೆ ರಸ್ತೆಯ ಅಂಚಿನಲ್ಲಿ ಹೆಣ್ಣು ಸಿಂಗಳೀಕ ಸತ್ತು ಬಿದ್ದಿತ್ತು. ಅದರ ಹೊಟ್ಟೆಗೆ ಅವುಚಿಕೊಂಡ ಮರಿ ಇನ್ನೂ ಹಿಡಿತ ಬಿಟ್ಟಿರಲಿಲ್ಲ.

ಹಿಂದಿನಿಂದ ಬಂದ ಬಳಗ ಚಾಲಕನನ್ನು ಸುತ್ತುವರಿಯಿತು. ಬ್ಯಾಂಕಿನ ಸುಹಾಸ ಮೊಬೈಲು ಹಿಡಿದು ಚಿತ್ರ ತೆಗೆಯುತ್ತಲೇ ಬೈಯತೊಡಗಿದ. ಚಾಲಕ ಹರೀಶ ಹೊನ್ನಾವರದವನೇ, ಸ್ವಂತ ಟೆಂಪೋ ಓಡಿಸುವವನು.

“ನಾ ಜೋರಾಗಿ ಬರ್ಲಿಲ್ಲ ಸರ್” ಎಂದ ಅವನು. “ಅದು ಯಾರೋ ಕರೆದ ಹಾಂಗೆ ಓಡಿ ಬಂತು.”

ಡಾಕ್ಟರ ಅಂಗೈ ತಾನಾಗಿಯೇ ಗಂಟೆಯ ಮೇಲೆ ಹೋಗಿ ಅದನ್ನು ಮುಚ್ಚಿಕೊಂಡಿತು. ವಲಯ ಅರಣ್ಯಾಧಿಕಾರಿ ಮಧುರಾ ಬಂದು ಮರಿಯನ್ನು ಬಟ್ಟೆಯಲ್ಲಿ ಸುತ್ತಿಸಿ ಕಳುಹಿಸಿದರು. ಊರಿಗೆ ದೊಡ್ಡವರೆಂದು ಡಾಕ್ಟರನ್ನೇ ಮೊದಲು ಕೇಳಿದರು, ಗಾಡಿ ಜೋರಾಗಿತ್ತೇ ಎಂದು. ನಾನು ಸರಿಯಾಗಿ ನೋಡಲಿಲ್ಲ ಎಂದರು ಡಾಕ್ಟರು. ಸುಳ್ಳೇನಲ್ಲ. ಆದರೆ ಆ ಮಾತು ಬಾಯಿಂದ ಹೊರಬಿದ್ದಾಗ ಅವರಿಗೆ ತಮ್ಮ ಮೇಲೇ ಅಸಹ್ಯವಾಯಿತು. ಟೆಂಪೋವನ್ನು ಇಲಾಖೆಯವರು ವಶಕ್ಕೆ ತೆಗೆದುಕೊಂಡರು. ಹರೀಶ ಗೇರುಸೊಪ್ಪದವರೆಗೆ ನಡೆದುಕೊಂಡು ಇಳಿದ.

ಸಂಜೆಯೊಳಗೆ ಸುಹಾಸನ ಚಿತ್ರ ಊರೆಲ್ಲ ಹಬ್ಬಿತು. ಹರೀಶನನ್ನು ಕೊಲೆಗಾರ ಎಂದವರೇ ಹೆಚ್ಚು. ಮುಂದಿನ ಶನಿವಾರ ಅದೇ ತಿರುವಿನವರೆಗೆ ಸೈಕಲ್ ಜಾಥಾ, ಮುಂದಾಳತ್ವ ಡಾಕ್ಟರದ್ದು ಎಂದು ಬಳಗ ತೀರ್ಮಾನಿಸಿತು. ಬೇಡ ಎನ್ನಲು ಡಾಕ್ಟರಿಗೆ ಬಾಯಿ ಬರಲಿಲ್ಲ. ತಟ್ಟೆಯ ಎದುರು ಸುಮ್ಮನೆ ಕೂತವರನ್ನು ಹೆಂಡತಿ ಮಹಾಲಕ್ಷ್ಮೀ ದಿಟ್ಟಿಸಿ ನೋಡಿದಳು.

“ಎಂತ ಆತು? ಮಂಗ ಸತ್ತಿದ್ದಕ್ಕೆ ಊಟ ಬಿಡವ್ರಲ್ಲ ನಿಂಗ. ಬೇರೆ ಎಂತೋ ಇದ್ದು.”

“ಎಂತದೂ ಇಲ್ಲೆ” ಎಂದರು ಡಾಕ್ಟರು. ಅವಳು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ ಎಂದು ಅವರಿಗೇ ಆಮೇಲೆ ಅನಿಸಿತು.

ವಾರದ ನಡುವೆ ಹರೀಶ ಡಾಕ್ಟರ ಆಸ್ಪತ್ರೆಗೆ ಬಂದ. ರೋಗಿಗಳೆಲ್ಲ ಹೋಗುವವರೆಗೆ ಬಾಗಿಲ ಬಳಿ ನಿಂತೇ ಇದ್ದ. ಜಗಳಕ್ಕೆ ಬಂದವನ ಮುಖವಾಗಿರಲಿಲ್ಲ ಅದು. ಡಾಕ್ಟರು ಕೂರಲು ಹೇಳಿದರೂ ಕೂರಲಿಲ್ಲ.

“ನಿಮ್ಮ ಮಾತು ಫಾರೆಸ್ಟ್ ಆಫೀಸಿನವ್ರು ನಂಬ್ತ್ರು. ನಾ ಜೋರಾಗಿ ಬರ್ಲಿಲ್ಲ ಅಂತ ಒಂದು ಮಾತು ಹೇಳ್ಬೇಕಿತ್ತು ಸರ್. ನಂಗೆ ನಿಮ್ಮ ಗಂಟೆ ಕೇಳಿತ್ತು. ಎದ್ರಿಂದ ಸೈಕಲ್ ಬರ್ತದೆ, ತಾಗೂದು ಬ್ಯಾಡ ಅಂತ್ಲೇ ನಾ ಪೂರಾ ಅಂಚಿಗೆ ತಗಂಡದ್ದು. ಅದು ಆ ಬದಿಯಿಂದ್ಲೇ ಹಾರ್ತು.” ಆಮೇಲೆ ಅವನು, “ಮರಿ ನಿನ್ನೆ ಸತ್ತೋಯ್ತಂತೆ” ಎಂದ.

ಡಾಕ್ಟರು ನಲ್ಲಿ ತಿರುಗಿಸಿ ಕೈ ತೊಳೆಯತೊಡಗಿದರು. ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆದರು. ತಾನು ಗಂಟೆ ಬಾರಿಸಿದ್ದು ಕೇಳಿ ಒಬ್ಬ ತನಗೆ ದಾರಿ ಬಿಟ್ಟಿದ್ದ, ಒಂದು ತಾಯಿ ಮರ ಬಿಟ್ಟು ಓಡಿ ಬಂದಿತ್ತು. ಇಬ್ಬರೂ ತನ್ನನ್ನು ನಂಬಿದವರು. ತಾನೋ, ಗಂಟೆಯ ಮೇಲೆ ಕೈಯಿಟ್ಟು ನಿಂತಿದ್ದವನು. ನಾಚಿಕೆಯಿಂದ ಕನ್ನಡಿ ನೋಡಲಾಗಲಿಲ್ಲ. ಶನಿವಾರ ಘಟ್ಟಕ್ಕೆ ಬಾ ಎಂದಷ್ಟೇ ಹರೀಶನಿಗೆ ಹೇಳಿದರು. ಅಷ್ಟಕ್ಕೇ ಅವನು ಕೈಮುಗಿದು ಹೋದದ್ದು ಅವರನ್ನು ಇನ್ನಷ್ಟು ಕುಗ್ಗಿಸಿತು.

ಶನಿವಾರ ಜಾಥಾ ಹೊರಟಿತು. ಚಾಲಕನಿಗೆ ಶಿಕ್ಷೆಯಾಗಲಿ ಎಂಬ ಬಟ್ಟೆಯ ಫಲಕ ಸುಹಾಸನ ಸೈಕಲ್ಲಿಗೆ ಕಟ್ಟಿತ್ತು. ತಿರುವಿನಲ್ಲಿ ಮಧುರಾ ಇದ್ದರು, ಡಾಕ್ಟರೇ ಕರೆಸಿದ್ದರು. ಹರೀಶ ದೂರದಲ್ಲಿ ತಲೆ ತಗ್ಗಿಸಿ ನಿಂತಿದ್ದ. ಎರಡೂ ಕಡೆಯಿಂದ ಗಾಡಿಗಳನ್ನು ತಡೆಯಿರಿ ಎಂದು ಡಾಕ್ಟರು ಮಧುರಾ ಅವರಲ್ಲಿ ಕೇಳಿಕೊಂಡರು. ಎಲ್ಲ ನಿಂತು ಸದ್ದಡಗಿದ ಮೇಲೆ, ಭಾಷಣ ಮಾಡುವರೆಂದು ಕಾದಿದ್ದ ಬಳಗದ ಎದುರು, ಗಂಟೆ ಬಾರಿಸಿದರು.

ಮೇಲೆ ಕೊಂಬೆ ಅಲುಗಿತು. ಒಂದು ಇಳಿಯಿತು, ಹಿಂದೆಯೇ ಮತ್ತೊಂದು. ನೋಡುತ್ತಿದ್ದ ಹಾಗೆ ಹಿಂಡೇ ರಸ್ತೆಗೆ ಬಂದು, ಕಳೆದ ವಾರ ಒಂದು ಸತ್ತ ಜಾಗದಲ್ಲೇ ಕೂತು ಡಾಕ್ಟರತ್ತ ಕೈ ಚಾಚಿತು. ಡಾಕ್ಟರ ಚೀಲ ಖಾಲಿ ಇತ್ತು.

“ಅವತ್ತೂ ಹೀಗೇ ಬಾರಿಸಿದೆ” ಎಂದರು ಡಾಕ್ಟರು. “ನಾನು ಕರೆದೆ, ಅದು ಬಂತು. ಹರೀಶ ನನಗೆ ದಾರಿ ಬಿಡಲು ಅಂಚಿಗೆ ಸರಿದವನು. ಕೇಳಿದಾಗ ಹೇಳುವ ಧೈರ್ಯ ನನಗೆ ಬರಲಿಲ್ಲ.”

ಸುಹಾಸ ಫಲಕದ ದಾರ ಬಿಚ್ಚತೊಡಗಿದ. ಅವನೂ ಬಾಳೆಹಣ್ಣು ಕೊಟ್ಟು ಚಿತ್ರ ತೆಗೆಸಿಕೊಂಡವನೇ.

“ನಿಮ್ಮ ಮೇಲೆ ಕೇಸ್ ಆಗ್ತದೆ ಡಾಕ್ಟ್ರೇ” ಎಂದರು ಮಧುರಾ.

“ಆಗ್ಲಿ” ಎಂದು ಡಾಕ್ಟರು ಗಂಟೆ ಬಿಚ್ಚಿ ಅವರ ಕೈಗೆ ಕೊಟ್ಟರು. ಹರೀಶನ ಹತ್ತಿರ ಹೋದರು. ಕ್ಷಮೆ ಕೇಳುವ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದರು, ಎದುರು ನಿಂತಾಗ ಒಂದೂ ನೆನಪಾಗಲಿಲ್ಲ. ಹರೀಶನೇ, “ಈಗಾದ್ರೂ ಹೇಳಿದ್ರಲ್ಲ” ಎಂದು ಮುಖ ತಿರುಗಿಸಿದ. ಅವನಿಗೆ ಸಿಟ್ಟಿತ್ತು. ಇರಬೇಕಾದ್ದೇ ಎಂದುಕೊಂಡರು ಡಾಕ್ಟರು.

ಟೆಂಪೋ ಹರೀಶನ ಮನೆಗೆ ಮರಳಿತು, ನಕ್ಷೆಯಿಂದ ಆ ತಿರುವಿನ ಹೆಸರು ಹೋಯಿತು. ಡಾಕ್ಟರು ಮಾತ್ರ ಶನಿವಾರ ತಪ್ಪಿಸಲಿಲ್ಲ. ಪಂಚಕಜ್ಜಾಯವನ್ನು ದೇವಸ್ಥಾನದ ಅಂಗಳದಲ್ಲೇ ಕೂತು ತಾವೇ ತಿಂದು ಮುಗಿಸಿ ಹೊರಡುತ್ತಿದ್ದರು. ತಿರುವು ಬಂದಾಗ ಇಳಿದು ಸೈಕಲ್ಲು ನೂಕಿಕೊಂಡು ನಡೆಯುತ್ತಿದ್ದರು. ಗಂಟೆಯಿಲ್ಲದಿದ್ದರೂ ಸಿಂಗಳೀಕಗಳು ಅವರನ್ನು ಗುರುತು ಹಿಡಿದು ಇಳಿದು ಬರುತ್ತಿದ್ದವು, ಅಂಗೈ ನೋಡುತ್ತಿದ್ದವು. ಆ ನೋಟದ ಎದುರು ದಾಟುವಷ್ಟು ಹೊತ್ತೂ ಡಾಕ್ಟರಿಗೆ ತಲೆ ಎತ್ತಲಾಗುತ್ತಿರಲಿಲ್ಲ.

ಮತ್ತೊಂದು ಮಳೆಗಾಲ ಕಳೆದ ಮೇಲೆ ಒಂದು ಶನಿವಾರ ಅವರು ಎಂದಿನಂತೆ ಸೈಕಲ್ಲಿಳಿದರು. ಮೇಲೆ ಎಲ್ಲೋ ಅತ್ತಿಯ ಕೊಂಬೆ ಅಲುಗಿತು, ಕಾಯಿ ಹರಿಯುವ ಸದ್ದಾಯಿತು. ಡಾಕ್ಟರು ತಲೆ ಎತ್ತಿ ಕಾದರು. ಹಿಂಡು ಅವರನ್ನು ನೋಡಿತು, ತಿನ್ನುವುದನ್ನು ಮುಂದುವರಿಸಿತು. ಒಂದೂ ಕೆಳಗಿಳಿಯಲಿಲ್ಲ. ಅವರು ಕಣ್ಣೊರೆಸಿಕೊಂಡು ಸೈಕಲ್ಲು ಹತ್ತಿದರು.