ಆರನೆಯ ಚಕ್ರ

ನಾನು ಒಂದು ಚಕ್ರ. ಎತ್ತಿನ ಗಾಡಿಯದಲ್ಲ, ಮೋಟಾರಿನದೂ ಅಲ್ಲ. ನಾನು ನೆಲವನ್ನು ಮುಟ್ಟುವುದೇ ಇಲ್ಲ. ಕಬ್ಬಿಣದ ತುಂಡುಗಳನ್ನು ಕೊಂಡಿ ಹಾಕಿ ಹೆಣೆದ ಉದ್ದನೆಯ ಪಟ್ಟಿಯೊಂದು ನನ್ನ ಕೆಳಗೆ ತಾನೇ ಹಾಸಿಕೊಳ್ಳುತ್ತ ಹೋಗುತ್ತದೆ, ನಾನು ಅದರ ಮೇಲೆ ಉರುಳುತ್ತೇನೆ. ಯುದ್ಧದ ಆ ಸರಪಳಿ ಗಾಡಿಗೆ ಎಡಕ್ಕೆ ಮೂರು, ಬಲಕ್ಕೆ ಮೂರು, ಒಟ್ಟು ಆರು ಮಂದಿ ನಾವು.

ಸಮುದ್ರದಾಚೆಯ ಒಂದು ಎರಕದ ಮನೆಯಲ್ಲಿ ಕರಗಿ, ಮರಳಿನ ಅಚ್ಚಿನೊಳಗೆ ನಿಧಾನವಾಗಿ ತಣಿದು ನಾನು ಹುಟ್ಟಿದೆ. ಅಂಚಿನ ಸುತ್ತ ದಪ್ಪ ರಬ್ಬರು ಬಿಗಿದರು. ಹಡಗಿನ ಹೊಟ್ಟೆಯಲ್ಲಿ ಬಂದು ಬರ್ಮಾದ ಕಡೆ ಎರಡು ಮಳೆಗಾಲ ಕೆಸರು ತುಳಿದೆ. ಮೇಲೆ ಕೂತವರ ಮುಖ ನಾನು ನೋಡಿದ್ದು ಕಡಿಮೆ, ಬೂಟು ನೋಡಿದ್ದು ಹೆಚ್ಚು. ಬೂಟು ಬದಲಾದರೆ ಮನುಷ್ಯ ಬದಲಾದ ಎಂದು ತಿಳಿಯುತ್ತಿತ್ತು. ಯಾಕೆ ಬದಲಾದ ಎಂದು ಚಕ್ರಕ್ಕೆ ಯಾರು ಹೇಳುತ್ತಾರೆ?

ಯುದ್ಧ ಮುಗಿದ ಮೇಲೆ ಗಾಡಿ ಹರಾಜಾಗಿ ಮಡ್ಡಿಹಾಳದ ಕಲ್ಲು ಕ್ವಾರಿಗೆ ಬಂತು. ಎಂಜಿನ್ ಕೂತುಹೋಗುವ ತನಕ ಕಲ್ಲು ಎಳೆದೆವು. ಆಮೇಲೆ ಯಾರಿಗೆ ಏನು ಬೇಕೋ ಅದನ್ನು ಬಿಚ್ಚಿಕೊಂಡು ಹೋದರು. ನನ್ನ ಸವೆದ ರಬ್ಬರು ಯಾರದೋ ಚಪ್ಪಲಿಯ ಅಟ್ಟೆಯಾಯಿತು. ನಾನು ಕುಂಬಾರರ ಮನೆ ಸೇರಿದೆ.

ಕುಂಬಾರ ಈರಪ್ಪನ ಅಪ್ಪ ನನ್ನನ್ನು ಅಡ್ಡ ಮಲಗಿಸಿ, ನಡುವಿಗೆ ಗೂಟ ಕೊಟ್ಟು, ಮೇಲೊಂದು ಹಲಗೆಯ ಬಿಲ್ಲೆ ಕೂರಿಸಿ ತಿಗರಿ ಮಾಡಿದ. ಕೋಲು ಸಿಕ್ಕಿಸಿ ತಿರುವಲು ಅಂಚಿನಲ್ಲಿ ಒಂದು ತೂತು ಕೊರೆದ. ನಲವತ್ತು ವರ್ಷ ಹಾಗೆ ತಿರುಗಿದೆ. ಊರಿನ ಮದುವೆಗಳ ಐರಣಿ ಗಡಿಗೆಗಳೆಲ್ಲ ನನ್ನ ಮೇಲೆಯೇ ಎದ್ದವು. ಮದುವೆ ಮನೆಯವರು ಹಲಗೆ ಬಾರಿಸುತ್ತ ಗಡಿಗೆ ಒಯ್ಯಲು ಬಂದಾಗ ನನಗೂ ಅರಿಷಿಣ ಹಚ್ಚುತ್ತಿದ್ದರು. ಯುದ್ಧದ ಚಕ್ರಕ್ಕೆ ಮದುಮಗಳ ಅರಿಷಿಣ! ಮೊದಮೊದಲು ನಾಚಿಕೆಯಾಗುತ್ತಿತ್ತು, ಆಮೇಲೆ ರೂಢಿಯಾಯಿತು.

ಒಂದು ದಿನ ಗುರುಸಿದ್ದಪ್ಪ ಮಾಳಗಿ ಬಂದ. ಮಿಲಿಟರಿಯಲ್ಲಿ ಗಾಡಿ ರಿಪೇರಿ ಮಾಡಿ ಹವಾಲ್ದಾರನಾಗಿ ನಿವೃತ್ತನಾದವನು. ಹಾಳುಬಿದ್ದ ಕ್ವಾರಿಯ ಜಾಲಿಕಂಟಿಯೊಳಗಿಂದ ನಮ್ಮ ಗಾಡಿಯ ಮೈಯನ್ನು ಎಳೆದು ತೆಗೆಸಿ, ಎರಡು ವರ್ಷದಿಂದ ಚಕ್ರ ಹುಡುಕುತ್ತಿದ್ದ. ಒಂದು ಬಾವಿಯ ಮುಚ್ಚಳದ ಮೇಲೆ ಭಾರವಾಗಿ ಕೂತಿತ್ತಂತೆ. ಇನ್ನೊಂದಕ್ಕೆ ಎಮ್ಮೆ ಕಟ್ಟಿದ್ದರಂತೆ. ಐದು ಸಿಕ್ಕಿದ್ದವು. ಆರನೆಯದು ನಾನು.

ಈ ಹುಡುಕಾಟವೆಲ್ಲ ಯಲ್ಲಪ್ಪ ತಳವಾರನಿಗಾಗಿ. ಎಪ್ಪತ್ತಾರು ವರ್ಷದ ಯಲ್ಲಪ್ಪ ಬರ್ಮಾದಲ್ಲಿ ಇಂಥದೇ ಗಾಡಿ ಓಡಿಸಿದವನು. ಪಕ್ಕದಲ್ಲಿ ಕೂರುತ್ತಿದ್ದ ಅವನ ಜೊತೆಗಾರ, ಇದೇ ಊರಿನ ಫಕೀರಪ್ಪ, ಅಲ್ಲೇ ಸತ್ತ. ನಮ್ಮೂರ ಹಳ್ಳದ ದಂಡೆಯಲ್ಲಿ ನೆಟ್ಟ ಕಲ್ಲಿನ ಮೇಲೆ ಅವನ ಹೆಸರಿದೆ.

"ಒಂದ್ ಸಲ ಆ ಕಲ್ಲಿನ ತನಕ ನಾನ ಹೊಡಕೊಂಡು ಹೋಗಬೇಕು," ಎನ್ನುತ್ತಿದ್ದ ಯಲ್ಲಪ್ಪ. "ಆಮ್ಯಾಲೆ ಯಮ ಬರವಲ್ಲನ್ಯಾಕ, ಅವನ್ನೂ ಬಾಜೂಕ ಕುಂದರಿಸ್ಕೊಂಡು ಹೋಗತೀನಿ."

ಈರಪ್ಪ ಸುಲಭಕ್ಕೆ ಒಪ್ಪಲಿಲ್ಲ. "ತಿಗರಿ ಮನಿ ಬಿಟ್ಟು ಹೋದ್ರ ಅನ್ನಾನೂ ಅದರ ಬೆನ್ನ ಹಿಂದ ಹೋಗತೈತಿ ಅಂತಾರ್ರಿ ಹವಾಲ್ದಾರ್ರ." ಗುರುಸಿದ್ದಪ್ಪ ಲಾರಿಯ ಬೇರಿಂಗ್ ಹಾಕಿ ಬೇರೊಂದು ತಿಗರಿ ಮಾಡಿಕೊಟ್ಟ. ಈರಪ್ಪ ಎಂಟು ದಿನ ತಿರುವಿ ನೋಡಿ, "ಇದು ಭಾಳ ಓಡತೈತಿ, ನನ್ನ ಕೈಗೇ ಸಿಗವಲ್ದು," ಎಂದು ಬೈದು, ಕೊನೆಗೆ ನನಗೆ ಕುಂಕುಮ ಹಚ್ಚಿ ಕೊಟ್ಟುಕಳಿಸಿದ.

ತಪ್ಪು ನಡೆದದ್ದು ಆಮೇಲೆ. ನನ್ನ ಅಂಚಿನ ಕೋಲಿನ ತೂತನ್ನು ಬೆಸುಗೆ ಹಾಕಿ ಮುಚ್ಚಬೇಕಿತ್ತು. ರಬ್ಬರಿನ ಕೆಲಸ ಗೊತ್ತುಮಾಡಲು ಗುರುಸಿದ್ದಪ್ಪ ಹುಬ್ಬಳ್ಳಿಗೆ ಹೊರಟವನು, ಕಮ್ಮಾರ ಮೌನೇಶನಿಗೆ ಎರಡು ಸಲ ಹೇಳಿದ: "ಕೆಂಪಗ ಕಾಸಿ ಬೆಸಿ. ಆಮ್ಯಾಲೆ ಬೂದ್ಯಾಗ ಹುಗದು ಬಿಡು. ತಾನ ಆರಲಿ, ಅವಸರ ಬ್ಯಾಡ, ಎರಕ ಸೀಳತೈತಿ."

ಮೌನೇಶ ಚೆನ್ನಾಗಿಯೇ ಬೆಸೆದ. ಆದರೆ ಅವನ ಮನೆತನ ಮೂರು ತಲೆಮಾರಿನಿಂದ ಎತ್ತಿನ ಗಾಡಿಯ ಗಾಲಿಗೆ ಹಳಿ ಕಟ್ಟಿಕೊಂಡು ಬಂದದ್ದು. ಕಬ್ಬಿಣದ ಹಳಿಯನ್ನು ಕೆಂಪಗೆ ಕಾಸಬೇಕು, ಕಟ್ಟಿಗೆಯ ಗಾಲಿಗೆ ತೊಡಿಸಬೇಕು, ತಡಮಾಡದೆ ನೀರು ಹೊಯ್ಯಬೇಕು. ನನ್ನನ್ನು ಕುಲುಮೆಯಿಂದ ತೆಗೆದದ್ದೇ ತಡ, ಅವನ ಕೈ ತನ್ನಷ್ಟಕ್ಕೆ ತಾನು ಕೊಡ ಎತ್ತಿತು. ಚೊಂಯ್ ಎಂದು ಹಬೆ ಎದ್ದಾಗಲೇ ಅವನಿಗೆ ನೆನಪಾದದ್ದು. ನನ್ನೊಳಗೆ ಕೂದಲೆಳೆಯಂಥ ಸೀಳೊಂದು ಅಂಚಿನಿಂದ ನಡುವಿನ ಕಡೆಗೆ ಓಡಿತು. ಮೌನೇಶ ಬಗ್ಗಿ ಬಗ್ಗಿ ನೋಡಿದ. ಕಣ್ಣಿಗೇನೂ ಕಾಣಲಿಲ್ಲ. ನನ್ನನ್ನು ಬೂದಿಯಲ್ಲಿ ಹುಗಿದು ಸುಮ್ಮನಾದ.

ಮೇಲೆ ಹೊಸ ರಬ್ಬರು ಬಂತು, ಹಸಿರು ಬಣ್ಣ ಬಂತು. ಎಡಗಡೆಯ ನಡುವಿನ ಚಕ್ರವಾಗಿ ನನ್ನನ್ನು ಕೂರಿಸಿದರು. ಬಯಲಿನಲ್ಲಿ ಎರಡು ಸುತ್ತು ಓಡಿಸಿ ನೋಡಿದರು. ಎಲ್ಲರೂ ಸಿಳ್ಳೆ ಹಾಕಿದರು. ಸೀಳು ಒಂದು ಜೋಳದ ಕಾಳಿನಷ್ಟು ಮುಂದೆ ಹೋದದ್ದು ನನಗೊಬ್ಬನಿಗೇ ಗೊತ್ತಾಯಿತು.

ಹಳ್ಳಕ್ಕೆ ಇಳಿಯುವ ದಾರಿ ಬಯಲಿನಂತಲ್ಲ. ಕಡಿದಾದ ಇಳಿಜಾರು, ಎಡಕ್ಕೆ ಎರಡಾಳು ಆಳದ ಕೊರಕಲು. ಅಲ್ಲಿ ಗಾಡಿಯ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ. ನಾನು ಒಡೆದರೆ ಪಟ್ಟಿ ಕಳಚುತ್ತದೆ, ಪಟ್ಟಿ ಕಳಚಿದರೆ ಗಾಡಿ ಕೊರಕಲಿನ ಪಾಲು. ಹಾರಿಕೊಳ್ಳುವ ಕಾಲು ಯಲ್ಲಪ್ಪನಿಗೆ ಇರಲಿಲ್ಲ. ಹೇಳುವ ಬಾಯಿ ನನಗೆ ಇರಲಿಲ್ಲ.

ಗೊತ್ತುಮಾಡಿದ ದಿನ ಬೆಳಿಗ್ಗೆ ಊರಿಗೆ ಊರೇ ದಾರಿಯ ಎರಡೂ ಕಡೆ ನಿಂತಿತ್ತು. ನಾಲ್ಕು ಜನ ಸೇರಿ ಯಲ್ಲಪ್ಪನನ್ನು ಎತ್ತಿ ಕೂರಿಸಿದರು. ಗಾಡಿಯ ಮುಂದೆ ರಂಗೋಲಿ ಹಾಕಿ, ಪಟ್ಟಿಯ ಕೆಳಗೆ ನಿಂಬೆಹಣ್ಣು ಇಟ್ಟರು. ಒಂದು ಕಾಲದಲ್ಲಿ ತಮ್ಮ ಮನೆಯದಾಗಿದ್ದ ಚಕ್ರಕ್ಕೆ ಅರಿಷಿಣ ಹಚ್ಚಲು ಈರಪ್ಪನ ಹೆಂಡತಿ ಶಾಂತವ್ವ ಬಂದಿದ್ದಳು. ಕುಂಬಾರರಲ್ಲಿ ಹೆಂಗಸರು ತಿಗರಿಯ ಮುಂದೆ ಕೂರುವಂತಿಲ್ಲ. ನಲವತ್ತು ವರ್ಷ ಒಂದೇ ಸೂರಿನಡಿ ಇದ್ದರೂ ಅವಳು ನನ್ನನ್ನು ತಿರುವಿದವಳಲ್ಲ. ಅವಳ ಕೆಲಸ ಆವಿಗೆಯಿಂದ ತೆಗೆದ ಗಡಿಗೆಗಳನ್ನು ಬೆರಳ ಗೆಣ್ಣಿನಿಂದ ಬಡಿದು, ಗಟ್ಟಿ ಯಾವುದು, ಬಿರಿದದ್ದು ಯಾವುದು ಎಂದು ಬೇರೆ ಮಾಡುವುದು.

ಅರಿಷಿಣ ಹಚ್ಚಿದ ಕೈಯಲ್ಲೇ ಅವಳು ನನ್ನ ಎದೆಗೆ ಒಂದು ಗೆಣ್ಣು ಬಡಿದಳು. ಹುಬ್ಬು ಗಂಟಿಕ್ಕಿದಳು. ಮುಂದಿನ ಚಕ್ರಕ್ಕೆ ಬಡಿದಳು, ಹಿಂದಿನದಕ್ಕೆ ಬಡಿದಳು, ಮತ್ತೆ ನನಗೆ ಬಡಿದಳು.

"ಇದು ಬಿರದೈತಿ," ಎಂದಳು.

ಗಂಡಸರು ನಕ್ಕರು. "ಯವ್ವಾ, ಅದು ಗಡಿಗಿ ಅಲ್ಲ, ಮಿಲ್ಟ್ರಿ ಕಬ್ಬಿಣ!" ಎಂದ ಒಬ್ಬ. ಈರಪ್ಪನೇ ಗದರಿದ: "ಸುಮ್ಮನ ಬಾ ಈಚಿಗೆ, ಮಂದ್ಯಾಗ ಮಾನ ಕಳೀಬ್ಯಾಡ."

"ಕಬ್ಬಿಣಾದ್ರೇನು, ಮಣ್ಣಾದ್ರೇನು? ಮುಂದಿಂದು, ಹಿಂದಿಂದು ಎರಡೂ ಮಾತಾಡತಾವು, ಇದು ಕೆಮ್ಮತೈತಿ," ಎಂದಳು ಶಾಂತವ್ವ. ಸರಿಯಲಿಲ್ಲ.

ಮೇಲೆ ಯಲ್ಲಪ್ಪ ಎಂಜಿನ್ ಚಾಲೂ ಮಾಡಿ ಕೂಗಿದ: "ಏನ್ ಸಂತಿ ಹಚ್ಚೀರಿ ಕೆಳಗ? ಬಿಡ್ರಿ ದಾರಿ!"

ಗುರುಸಿದ್ದಪ್ಪ ಗಡಿಯಾರ ನೋಡಿದ, ಜನರನ್ನು ನೋಡಿದ. ಬೆಸುಗೆ ತನ್ನ ಕಣ್ಣೆದುರು ನಡೆದದ್ದಲ್ಲ ಎಂದು ಅವನಿಗೆ ಆಗ ಹೊಳೆದಿರಬೇಕು. ತಿರುಗಿ ಮೌನೇಶನನ್ನು ನೋಡಿದ. ಮೌನೇಶ ತನ್ನ ಕಾಲ್ಬೆರಳು ನೋಡುತ್ತಿದ್ದ. ಎಂಜಿನ್ ಗುರುಗುಟ್ಟುತ್ತಲೇ ಇತ್ತು. ನನ್ನೊಳಗಿನ ಸೀಳು ಆ ನಡುಕಕ್ಕೇ ಕಚಗುಳಿಯಿಟ್ಟಂತೆ ಮಿಡಿಯುತ್ತಿತ್ತು.

"ನೀರು ಹೊಯ್ದೀನ್ರಿ," ಎಂದ ಮೌನೇಶ, ತಲೆ ಎತ್ತದೆ. "ಹಳಿಗೆ ಹೊಯ್ದಂಗ. ಒಂದ ಕೊಡ."

ಗುರುಸಿದ್ದಪ್ಪ ಎಂಜಿನ್ ನಿಲ್ಲಿಸಿದ. ನನ್ನ ಮೈಯ ಬಣ್ಣ ಕೆರೆದು ಚಿಮಣಿ ಎಣ್ಣೆ ಸವರಿದ. ಬೀಡಿ ಸೇದುವಷ್ಟು ಹೊತ್ತು ಬಿಟ್ಟು, ಒಣ ಬಟ್ಟೆಯಿಂದ ಒರೆಸಿ, ನೆಲದ ರಂಗೋಲಿಯಿಂದಲೇ ಒಂದು ಹಿಡಿ ಪುಡಿ ತೆಗೆದು ಉಜ್ಜಿದ. ಎಲ್ಲರೂ ಬಗ್ಗಿದರು. ಸೀಳಿನೊಳಗೆ ಇಳಿದಿದ್ದ ಎಣ್ಣೆ ಬಿಳಿಯ ಪುಡಿಯ ಮೇಲೆ ಗೆರೆಯಾಗಿ ಅಂಚಿನಿಂದ ಹೊರಟು, ತಡವರಿಸದೆ, ನನ್ನ ನಡುವಿಗೆ ಎರಡು ಬೆರಳಿನ ಅಂತರದ ತನಕ ಬಂದು ನಿಂತಿತು.

"ಹೇಳಬೇಕಾಗಿತ್ತಲೇ," ಎಂದ ಗುರುಸಿದ್ದಪ್ಪ. ಅದಕ್ಕಿಂತ ಹೆಚ್ಚು ಬೈಯಲಿಲ್ಲ.

ಸುದ್ದಿಯನ್ನು ಯಲ್ಲಪ್ಪನಿಗೆ ಹೇಳಲು ಯಾರಿಗೂ ಧೈರ್ಯವಾಗಲಿಲ್ಲ. ಶಾಂತವ್ವನೇ ಹೇಳಿದಳು. ಮುದುಕ ಸ್ಟಿಯರಿಂಗ್ ಬಿಡಲಿಲ್ಲ. ಯಾರ ಕಡೆಗೂ ನೋಡದೆ ಅಂದ: "ಫಕೀರಪ್ಪ ಹೋದದ್ದೂ ಹಿಂಗ. ಇಳಿಜಾರಿನ್ಯಾಗ ಚಕ್ರ ಒಡೀತು. ಗುಂಡು ಬಿತ್ತು ಅಂತ ಅವರವ್ವಗ ಸುಳ್ಳ ಹೇಳಿದ್ದೆ." ಸ್ಟಿಯರಿಂಗ್ ಬಿಟ್ಟು, "ಇಳಸ್ರಿ ನನ್ನ," ಎಂದ.

ನನ್ನನ್ನು ಬಿಚ್ಚಿದರು. ಸಿಕ್ಕಿದ ಐದರಲ್ಲಿ ಸವೆಯದ್ದು ಒಂದೂ ಇರಲಿಲ್ಲ. ಸೀಳಿದ್ದರೂ ನನ್ನ ಅಳತೆಯೇ ಸರಿಯಾಗಿ ಉಳಿದಿತ್ತು. ಅದನ್ನೇ ನೋಡಿ ಹುಬ್ಬಳ್ಳಿಯ ಎರಕದವರು ಹೊಸ ಚಕ್ರ ಹೊಯ್ದರು. ಏಳು ತಿಂಗಳು ಹಿಡಿಯಿತು. ಅಷ್ಟೂ ತಿಂಗಳು ಯಲ್ಲಪ್ಪ ಬದುಕಿರುತ್ತಾನೋ ಇಲ್ಲವೋ ಎಂದು ಊರೇ ದಿನ ಎಣಿಸಿತು. ಅಚ್ಚಿನಿಂದ ಬೇಗ ತೆಗೆಯಿರಿ ಎಂದು ಮಾತ್ರ ಯಾರೂ ಅನ್ನಲಿಲ್ಲ. ಆ ಚಕ್ರ ತಣಿಯುವಾಗ ಮೌನೇಶ ತಾನೇ ಹೋಗಿ ಪಕ್ಕದಲ್ಲಿ ಕೂತಿದ್ದನಂತೆ.

ಈಗ ನಾನು ಗುರುಸಿದ್ದಪ್ಪನ ಶೆಡ್ಡಿನ ಮೂಲೆಯಲ್ಲಿ ಗೋಡೆಗೆ ಒರಗಿದ್ದೇನೆ. ಭಾರ ಹೊರುವುದೊಂದೇ ನನ್ನ ಕೆಲಸ ಎಂದು ಇಷ್ಟು ಕಾಲ ತಿಳಿದಿದ್ದೆ. ಹೊರಲಾರೆ ಎಂದು ಗೊತ್ತಾಗುವಂತೆ ಸದ್ದು ಮಾಡುವುದೂ ಒಂದು ಕೆಲಸವೇ. ಅದನ್ನು ಕೇಳಿಸಿಕೊಳ್ಳುವ ಕಿವಿ ಸಿಗಬೇಕು ಅಷ್ಟೆ. ಮೊನ್ನೆ ಯಲ್ಲಪ್ಪ ಗಾಡಿ ಹೊಡೆದುಕೊಂಡು ಹೋದ. ನಾನು ನೋಡಲಿಲ್ಲ, ಕೇಳಿದೆ. ಪಟ್ಟಿಯ ಸದ್ದು ಬಯಲು ದಾಟಿತು, ಇಳಿಜಾರಿಗೆ ತಿರುಗಿತು. ನಾನು ಎಲ್ಲಿ ಒಡೆಯುತ್ತಿದ್ದೆನೋ ಆ ಜಾಗ ಬಂತು ಎಂದು ಸದ್ದಿನಿಂದಲೇ ತಿಳಿಯಿತು. ಜನರ ಗದ್ದಲವೂ ನಿಂತಿತು. ಸದ್ದು ಒಂದಿಷ್ಟು ಹೆಚ್ಚಾಗದೆ, ಒಂದಿಷ್ಟು ತಪ್ಪದೆ, ಕೆಳಗೆ ಕೆಳಗೆ ಹಳ್ಳದ ಕಡೆಗೆ ಇಳಿಯುತ್ತ ಹೋಯಿತು.