ತೊಂಬತ್ತಾರು ಗಜ

ವಾರದಲ್ಲಿ ಆರು ದಿನ ನಾನು ಬ್ರೆಡ್ ವ್ಯಾನ್ ಓಡಿಸುತ್ತಿದ್ದೆ. ಏಳನೆಯ ದಿನ, ಟೊಲೀಡೊದ ನಮ್ಮ ಗ್ಲೇಜಿಯರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಆಟ ಊರಿನಲ್ಲೇ ಇದ್ದರೆ, ಮೈದಾನದ ಅಂಚಿನ ಗೆರೆಯ ಪಕ್ಕ ಕಿತ್ತಳೆ ಬಣ್ಣದ ಕೋಲು ಹಿಡಿದು ನಿಲ್ಲುತ್ತಿದ್ದೆ. ಎರಡು ಕೋಲು, ನಡುವೆ ಹತ್ತು ಗಜದ ಸರಪಳಿ. ಮುಂದಿನ ಕೋಲು ನನ್ನದು. ಚೆಂಡು ಹಿಡಿದ ತಂಡ ನಾಲ್ಕು ಸರದಿಯೊಳಗೆ ನನ್ನ ಕೋಲನ್ನು ದಾಟಿದರೆ ನಾವು ಸರಪಳಿ ಎತ್ತಿಕೊಂಡು ಮುಂದೆ ನಡೆಯುತ್ತೇವೆ. ದಾಟದಿದ್ದರೆ ಚೆಂಡು ಎದುರಾಳಿಯ ಪಾಲು.

ನಮ್ಮ ಮೇಸ್ತ್ರಿ ಮಿಲ್ಟ್ ಓರೋಸ್. ಗಾಜಿನ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಕುಲುಮೆಯ ಮುಂದೆ ನಿಂತು ನಿವೃತ್ತನಾದವನು. ಹುಬ್ಬುಗಳು ಸುಟ್ಟು ಎಂದೋ ಹೋಗಿದ್ದವು, ಮತ್ತೆ ಬಂದಿರಲಿಲ್ಲ. ನಾನು ಸೇರಿದ ಮೊದಲ ದಿನವೇ ಹೇಳಿದ್ದ: "ಲೇ ಡೆನಿಸ್, ಆ ಗೆರೆ ಹತ್ರ ನಿಂತಾಗ ನಿಂಗೆ ಊರೂ ಇಲ್ಲ, ತಂಡಾನೂ ಇಲ್ಲ. ಒಂದ್ಸಲ ಚಪ್ಪಾಳೆ ತಟ್ಟಿದ್ರೂ ಕೋಲು ಕಿತ್ಕೊಂಡು ಮನೆಗೆ ಕಳಿಸ್ತೀನಿ."

ಆ ವರ್ಷ, ಅಂದರೆ ತೊಂಬತ್ನಾಲ್ಕರಲ್ಲಿ, ಚಪ್ಪಾಳೆ ತಟ್ಟುವ ಪ್ರಸಂಗವೇ ಬರಲಿಲ್ಲ. ಹೊಸ ಕೋಚ್ ವಾರೆನ್ ಸ್ಟಿಲ್ಲಿ ಬಂದವನೇ ಹಳೆಯ ತಂಡವನ್ನು ಬುಡಸಮೇತ ಕಿತ್ತಿದ್ದ. ಹೆಸರಿದ್ದವರನ್ನೆಲ್ಲ ಬೇರೆ ಊರುಗಳಿಗೆ ಕೊಟ್ಟು ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗರನ್ನು ತಂದು ತುಂಬಿದ್ದ. ಹೆದ್ದಾರಿಯ ಪಕ್ಕದ ಫಲಕಗಳಲ್ಲಿ ಅವನ ನಗುಮುಖ, ಕೆಳಗೆ "ಕಟ್ಟುತ್ತಿದ್ದೇವೆ, ತಾಳ್ಮೆ ಇರಲಿ" ಎಂಬ ಸಾಲು. ಮೊದಲ ಆಟದಲ್ಲಿ ಮೂವತ್ತೆಂಟು–ಮೂರರಿಂದ ಸೋತೆವು. ಎರಡನೆಯದರಲ್ಲಿ ಆ ಮೂರು ಅಂಕವೂ ಬರಲಿಲ್ಲ. ಮೂರನೆಯ ಆಟದ ಹೊತ್ತಿಗೆ ಜನ ಕಾಗದದ ಚೀಲಕ್ಕೆ ಕಣ್ಣಿನ ತೂತು ಮಾಡಿ ತಲೆಗೆ ಹಾಕಿಕೊಂಡು ಬರತೊಡಗಿದ್ದರು. ನಮ್ಮ ತಂಡದ ಕೈಗೆ ಚೆಂಡು ಬಂದರೆ ನಾವು ಸರಪಳಿ ಹಾಸುವುದು, ಅದೇ ಜಾಗದಲ್ಲಿ ನಿಲ್ಲುವುದು, ಅಲ್ಲಿಂದಲೇ ಮಡಚುವುದು.

"ಬ್ರೆಡ್ ವ್ಯಾನ್ ತರಬಹುದಿತ್ತಲ್ಲೋ," ಎಂದಿದ್ದ ಮಿಲ್ಟ್. "ಹೆಂಗೂ ನಿಂತ್ಕೊಂಡೇ ಇರ್ತೀವಿ, ವ್ಯಾಪಾರಾನಾದ್ರೂ ಆಗೋದು."

ಹಳಬರಲ್ಲಿ ಉಳಿದವನು ಒಬ್ಬನೇ, ಸೆಂಟರ್ ನೋಲನ್ ಪ್ರುವಿಟ್. ಮೂವತ್ತೈದರ ಬೋಳುತಲೆಯವನು. ಪ್ರತಿ ಸರದಿಯಲ್ಲೂ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಟ್ಟು ಮರುಕ್ಷಣವೇ ಎದುರಿನವನಿಗೆ ಎದೆ ಕೊಡುವ ಕೆಲಸ ಅವನದು. ಅವನ ಎಡಕ್ಕೆ, ಸಾಲಿನ ತುದಿಯಲ್ಲಿ, ಎಲ್ರಾಯ್ ಟಾಲಿವರ್ ಎಂಬ ಮಿಸಿಸಿಪ್ಪಿಯ ಹುಡುಗ. ಇಪ್ಪತ್ತೆರಡು ವಯಸ್ಸು, ಆರಡಿ ಆರಂಗುಲ, ಮೂರು ನೂರು ಪೌಂಡು ಮೀರಿದ ತೂಕ. ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಬೆನ್ನ ಹಿಂದಿನಿಂದ ಯಾರು ಬರುತ್ತಿದ್ದಾರೆಂದು ಕಾಣುವುದಿಲ್ಲ. ಆ ಬೆನ್ನು ಕಾಯುವುದು ಟಾಲಿವರ್‌ನ ಪಾಲಿಗೆ ಬಂದಿತ್ತು.

ಮೂರನೆಯ ಆಟದಲ್ಲಿ ಅವನು ಒಂದು ಹೆಜ್ಜೆ ತಡ ಮಾಡಿದ. ಒಂದೇ ಹೆಜ್ಜೆ. ನಮ್ಮ ಕ್ವಾರ್ಟರ್‌ಬ್ಯಾಕ್‌ನ ಕೊರಳೆಲುಬು ಮುರಿದ ಸದ್ದು ಗೆರೆಯ ಪಕ್ಕದಲ್ಲಿದ್ದ ನನಗೆ ಕೇಳಿಸಿತು. ಅವನನ್ನು ಗಾಡಿಯಲ್ಲಿ ಮಲಗಿಸಿ ಕರೆದೊಯ್ದ ಮೇಲೂ ಟಾಲಿವರ್ ಅಲ್ಲೇ ಮಂಡಿಯೂರಿದ್ದ. ಪ್ರುವಿಟ್ ಬಂದು ಎದೆಗವಚದ ಪಟ್ಟಿ ಹಿಡಿದು ಎಬ್ಬಿಸಬೇಕಾಯಿತು. ಅರವತ್ತು ಸಾವಿರ ಜನ ಅವನಿಗೆ ಕೂಗಿದ್ದನ್ನು ಇಲ್ಲಿ ಬರೆಯಲಾರೆ.

ನಾಲ್ಕನೆಯದನ್ನೂ ಹೊರಊರಿನಲ್ಲಿ ಸೋತು ಬಂದರು. ಐದನೆಯದು ನಮ್ಮಲ್ಲೇ, ಅಕ್ಟೋಬರಿನ ಚಳಿಯಲ್ಲಿ, ಒಮಾಹಾ ತಂಡದ ಮೇಲೆ. ಒಮಾಹಾದಲ್ಲಿ ಸೈರಸ್ ಬೋಡೆನ್ ಇದ್ದ. ಹತ್ತು ವರ್ಷಗಳಿಂದ ಕ್ವಾರ್ಟರ್‌ಬ್ಯಾಕ್‌ಗಳನ್ನು ನೆಲಕ್ಕೆ ಕೆಡವುವುದರಲ್ಲಿ ಅವನಿಗೆ ಸಮನಾದವರಿರಲಿಲ್ಲ. ಅವನು ನಿಲ್ಲುವುದು ಸರಿಯಾಗಿ ಟಾಲಿವರ್‌ನ ಎದುರು.

ಆಟಕ್ಕೆ ಮುಂಚೆ ನಾವು ಬೆಂಚಿನ ಹಿಂದೆ ಸರಪಳಿಯ ಗಂಟು ಬಿಡಿಸುತ್ತಿದ್ದಾಗ ಟಾಲಿವರ್ ಕಸದ ಡ್ರಮ್ಮಿಗೆ ತಲೆ ಇಟ್ಟು ವಾಂತಿ ಮಾಡಿಕೊಳ್ಳುತ್ತಿದ್ದ. ಪ್ರುವಿಟ್ ಟವೆಲ್ ಹಿಡಿದು ಪಕ್ಕದಲ್ಲಿ ನಿಂತಿದ್ದ.

"ಆಯ್ತಾ?"

"ಇನ್ನೂ ಇಲ್ಲ."

"ನಿಧಾನವಾಗಿ ಮಾಡ್ಕೋ. ಬೋಡೆನ್ ಎಲ್ಲೂ ಓಡಿಹೋಗಲ್ಲ."

ಮೊದಲರ್ಧದಲ್ಲಿ ಬೋಡೆನ್ ನಮ್ಮ ಬದಲಿ ಕ್ವಾರ್ಟರ್‌ಬ್ಯಾಕ್ ಡ್ಯಾನಿ ಫಿಚ್‌ನನ್ನು ಮೂರು ಸಲ ಕೆಡವಿದ. ಒಮ್ಮೆ ಟಾಲಿವರ್‌ನ ಹೊರಗಿನಿಂದ, ಒಮ್ಮೆ ಒಳಗಿನಿಂದ, ಇನ್ನೊಮ್ಮೆ ನೇರವಾಗಿ ಅವನನ್ನೇ ಹಿಂದಕ್ಕೆ ತಳ್ಳಿಕೊಂಡು ಹೋಗಿ ಫಿಚ್‌ನ ಮೇಲೆ ಬೀಳಿಸಿ. ಇಪ್ಪತ್ತು–ಸೊನ್ನೆ. ಮೂರನೆಯ ಕಾಲುಭಾಗ ಶುರುವಾದಾಗ ಟಾಲಿವರ್ ನನ್ನ ಬೆನ್ನ ಹಿಂದೆಯೇ ಕೋಚ್‌ನ ಹತ್ತಿರ ಹೋದ.

"ಸರ್, ನನ್ನ ಕೂರಿಸಿಬಿಡಿ. ಫಿಚ್‌ಗೂ ಏನಾದ್ರೂ ಆದ್ರೆ ನನ್ ಕೈಲಿ ತಡ್ಕೊಳಕಾಗಲ್ಲ."

ಸ್ಟಿಲ್ಲಿ ಕೈಯಲ್ಲಿದ್ದ ಹಾಳೆಯಿಂದ ಕಣ್ಣೆತ್ತಲಿಲ್ಲ. "ನಿನ್ ಜಾಗಕ್ಕೆ ಕಳಿಸೋಕೆ ನನ್ ಹತ್ರ ಯಾರೂ ಇಲ್ಲ ಕಣೋ. ಇದ್ದಿದ್ರೆ ಮೊದಲ್ನೇ ವಾರಾನೇ ಕಳಿಸಿರ್ತಿದ್ದೆ."

ಫಲಕದಲ್ಲಿ ನಗುತ್ತಿದ್ದ ಮನುಷ್ಯನಿಂದ ನಾನು ಕೇಳಿದ ಮೊದಲ ನಿಜ ಅದು. ಹುಡುಗ ಹೆಲ್ಮೆಟ್ ಹಾಕಿಕೊಂಡ.

ಸ್ವಲ್ಪ ಹೊತ್ತಿಗೆ ಒಮಾಹಾದವರು ಒದ್ದ ಚೆಂಡು ಉರುಳುತ್ತ ಬಂದು ನಮ್ಮದೇ ನಾಲ್ಕನೆಯ ಗಜದ ಗೆರೆಯಲ್ಲಿ ನಿಂತಿತು. ಮುಂದೆ ಗೋಲಿನ ಗೆರೆಯವರೆಗೆ ತೊಂಬತ್ತಾರು ಗಜ. ಕಾಗದದ ಚೀಲದವರು ಮೆಟ್ಟಿಲು ಹತ್ತಿ ಹೊರಡತೊಡಗಿದರು. ನಾವು ಸರಪಳಿ ಹಾಸಿದೆವು. ತಂಡದ ಎಡತುದಿ ನಮ್ಮ ಕಡೆಗೇ ಇತ್ತು. ಟಾಲಿವರ್‌ನ ಬೆನ್ನು ನನ್ನಿಂದ ಇಪ್ಪತ್ತು ಗಜದಲ್ಲಿ. ಚಳಿಯಲ್ಲಿ ಅವನ ಕುತ್ತಿಗೆಯಿಂದ ಹಬೆ ಏಳುತ್ತಿತ್ತು.

ಮೊದಲ ಸರದಿಯಲ್ಲಿ ಎರಡು ಗಜ, ಎರಡನೆಯದರಲ್ಲಿ ಮೂರು. ಮೂರನೆಯದರಲ್ಲಿ ಫಿಚ್ ಎಸೆಯಲು ಹಿಂದೆ ಸರಿದ. ಬೋಡೆನ್ ಹೊರಟ. ಅದುವರೆಗೆ ಟಾಲಿವರ್ ಪ್ರತಿ ಸಲವೂ ಅವನನ್ನು ಅಟ್ಟಿಸಿಕೊಂಡು ಹೋಗಿದ್ದ. ಈ ಸಲ ಹೋಗಲಿಲ್ಲ. ಮಂಡಿ ಬಗ್ಗಿಸಿ, ಎರಡೂ ಕೈ ಮುಂದೆ ಚಾಚಿ, ಬರುವುದು ಬರಲಿ ಎಂಬಂತೆ ಕಾದ. ಬೋಡೆನ್ ಬಂದು ಅಪ್ಪಳಿಸಿದ. ಟಾಲಿವರ್ ಅರ್ಧ ಹೆಜ್ಜೆ ಹಿಂದೆ ಸರಿದು ಅಲ್ಲೇ ನಿಂತ. ಫಿಚ್ ಎಸೆದ ಚೆಂಡು ನನ್ನ ಕೋಲನ್ನು ಒಂದು ಮೊಳ ದಾಟಿತು.

"ಎತ್ತು," ಎಂದ ಮಿಲ್ಟ್.

ಎತ್ತಿಕೊಂಡು ನಡೆದೆವು. ಮತ್ತೆ ಮೂರು ಸರದಿ, ಮತ್ತೆ ಕೋಲು ದಾಟಿತು, ಮತ್ತೆ ನಡೆದೆವು. ದೊಡ್ಡ ಓಟವಾಗಲಿ ಆಕಾಶಕ್ಕೆಸೆದ ಚೆಂಡಾಗಲಿ ಒಂದೂ ಇರಲಿಲ್ಲ. ಮೂರು ಗಜ, ನಾಲ್ಕು ಗಜ, ಒಂದು ಗಜ, ಆರು ಗಜ. ಪ್ರತಿ ಸಲ ಹನ್ನೊಂದು ಜನ ಕೆಳಗೆ ಬಿದ್ದು, ಎದ್ದು, ಗುಂಪು ಸೇರಿ, ಮತ್ತೆ ಸಾಲಾಗಿ ಬಗ್ಗುತ್ತಿದ್ದರು. ಬೋಡೆನ್ ಹೊಸ ಹೊಸ ದಾರಿ ಹುಡುಕಿ ಬರುತ್ತಿದ್ದ. ಎರಡು ಸಲ ಟಾಲಿವರ್ ಪೂರ್ತಿ ನೆಲ ಕಚ್ಚಿದ. ಎರಡು ಸಲವೂ ಬಿದ್ದಲ್ಲಿಂದಲೇ ಕೈ ಚಾಚಿ ಬೋಡೆನ್‌ನ ದಾರಿಯಲ್ಲಿ ಮರದ ದಿಮ್ಮಿಯ ಹಾಗೆ ಹೊರಳಿದ.

ನಾಲ್ಕನೆಯ ಸಲ ಸರಪಳಿ ಎತ್ತುವಾಗ ಮಿಲ್ಟ್‌ನ ಮುಖ ನೋಡಿದೆ. "ಏನು ಮಿಲ್ಟ್, ಸುಸ್ತಾಯ್ತಾ?"

"ಬಾಯ್ಮುಚ್ಕೊಂಡು ನಡಿ."

ಅಷ್ಟು ಹೊತ್ತಿಗೆ ಮೈದಾನದಲ್ಲಿ ಏನೋ ಆಗಿತ್ತು. ಏನೆಂದು ಮೊದಲು ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು: ಸದ್ದು ನಿಂತುಹೋಗಿತ್ತು. ತಮ್ಮ ತಂಡದ ಕೈಯಲ್ಲಿ ಚೆಂಡಿದ್ದಾಗ, ಆಟಗಾರರಿಗೆ ತಮ್ಮ ಮಾತು ತಮಗೆ ಕೇಳಿಸಲಿ ಎಂದು ಜನ ಸುಮ್ಮನಿರುವುದು ವಾಡಿಕೆ. ಆ ವರ್ಷ ಅದು ಮರೆತೇಹೋಗಿತ್ತು. ಈಗ ಯಾರೂ ಹೇಳದೆ ಅರವತ್ತು ಸಾವಿರ ಜನ ಬಾಯಿ ಕಟ್ಟಿಕೊಂಡಿದ್ದರು. ಹೊರಟವರು ಮೆಟ್ಟಿಲುಗಳ ಮೇಲೆ ಹಾಗೇ ನಿಂತಿದ್ದರು. ಕೆರೆಯಷ್ಟು ನಿಶ್ಶಬ್ದದಲ್ಲಿ ಎದೆಗವಚಗಳು ಡಿಕ್ಕಿ ಹೊಡೆಯುವ ಟಪ್ ಟಪ್ ಸದ್ದು, ಉಸಿರು, ಈರಿ ಸರೋವರದಿಂದ ಬಂದ ಕಡಲಕ್ಕಿಗಳ ಕೂಗು. ಎಂಟು ವರ್ಷದಲ್ಲಿ ಆ ಮೈದಾನದಲ್ಲಿ ಹಕ್ಕಿಯ ದನಿ ನನಗೆ ಕೇಳಿಸಿದ್ದು ಅದೇ ಮೊದಲು.

ಒಮಾಹಾದ ಮೂವತ್ತೊಂದನೆಯ ಗಜದ ಹತ್ತಿರ ಮೂರನೆಯ ಸರದಿ ಮುಗಿದಾಗ ಚೆಂಡು ಕೋಲು ದಾಟಿದೆಯೋ ಇಲ್ಲವೋ ಬರಿಗಣ್ಣಿಗೆ ತಿಳಿಯಲಿಲ್ಲ. ತೀರ್ಪುಗಾರ ನಮ್ಮನ್ನು ಕರೆದ. ಮೈದಾನದೊಳಗೆ ಹೋಗಿ ಅಳೆಯಬೇಕು. ಮಿಲ್ಟ್ ಸರಪಳಿಗೆ ಸಿಕ್ಕಿಸಿದ ಗುರುತಿನ ಕ್ಲಿಪ್ ಹಿಡಿದು ಮುಂದೆ, ನಾನು ಕೋಲು ಹಿಡಿದು ಹಿಂದೆ.

ಅಷ್ಟು ಹತ್ತಿರದಿಂದ ನಾನು ಅವರನ್ನು ಹಾಗೆ ನೋಡಿರಲಿಲ್ಲ. ಇಪ್ಪತ್ತೆರಡು ಜನರ ತಲೆಯಿಂದ ಹಬೆ ಏಳುತ್ತಿತ್ತು, ಬೆಳಗಿನ ಬೇಕರಿಯಲ್ಲಿ ಒಲೆಯಿಂದ ಆಗಷ್ಟೇ ಎಳೆದ ತಟ್ಟೆಗಳ ಹಾಗೆ. ಪ್ರುವಿಟ್‌ನ ಎಡಗೈಯ ಕಿರುಬೆರಳು ಪಕ್ಕಕ್ಕೆ ತಿರುಗಿತ್ತು. ಅವನು ಅದನ್ನು ಟಾಲಿವರ್‌ನ ಮುಂದೆ ಚಾಚಿದ.

"ಎಳಿ."

"ಏನು?"

"ಎಳಿಯೋ, ಹೊತ್ತಾಗುತ್ತೆ."

ಟಾಲಿವರ್ ಎಳೆದ. ಬೆರಳು ಲಟಕ್ಕೆಂದು ಜಾಗಕ್ಕೆ ಬಂತು. ಪ್ರುವಿಟ್ ಕೈ ಝಾಡಿಸಿ, "ಹ್ಞಾ," ಎಂದ, ಅಷ್ಟೇ.

ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ಬೋಡೆನ್ ಅದನ್ನೆಲ್ಲ ನೋಡುತ್ತಿದ್ದ. ಅವನ ಎದೆಯೂ ತಿದಿಯ ಹಾಗೆ ಏರಿಳಿಯುತ್ತಿತ್ತು.

"ಲೇ ಮಗಾ," ಎಂದ ಟಾಲಿವರ್‌ಗೆ. "ನಿನ್ ಹೆಸರೇನು?"

"ಟಾಲಿವರ್, ಸರ್."

"ಸರ್ ಗಿರ್ ಅನ್ಬೇಡ ಮಾರಾಯ, ವಯಸ್ಸಾದಂಗೆ ಅನ್ಸುತ್ತೆ."

"ಆಗಿದೆ," ಎಂದ ಪ್ರುವಿಟ್.

"ನೀನು ಹೇಳ್ತೀಯಾ ತಾತ?" ಎಂದು ಬೋಡೆನ್ ನಕ್ಕ. ಹಲ್ಲಿನ ಮೇಲೆ ರಕ್ತವಿತ್ತು.

ನಾನು ಸರಪಳಿ ಬಿಗಿಯಾಗಿ ಎಳೆದು ಕೋಲನ್ನು ನೆಲಕ್ಕೆ ಊರಿದೆ. ಚೆಂಡಿನ ಮೂತಿಗೂ ಕೋಲಿಗೂ ನಡುವೆ ಹೆಬ್ಬೆರಳಿನಗಲ. ಕಡಿಮೆ ಬಿದ್ದಿತ್ತು. ಜನರ ನಿಟ್ಟುಸಿರು ಗಾಳಿಯ ಹಾಗೆ ಮೈಗೆ ತಾಗಿತು.

ಇಪ್ಪತ್ತು ಅಂಕ ಹಿಂದಿದ್ದ ಸ್ಟಿಲ್ಲಿ, ಮೂರು ಅಂಕದ ಆಸೆಗೆ ಚೆಂಡು ಒದೆಯಲು ಯಾರನ್ನೂ ಕಳಿಸಲಿಲ್ಲ. ನಾಲ್ಕನೆಯ ಸರದಿಯಲ್ಲಿ ಫಿಚ್ ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು ಪ್ರುವಿಟ್‌ನ ಬೆನ್ನ ಹಿಂದೆ ಮುನ್ನುಗ್ಗಿದ. ಎಲ್ಲರೂ ಒಂದೇ ರಾಶಿಯಾದರು. ತೀರ್ಪುಗಾರ ಒಬ್ಬೊಬ್ಬರನ್ನೇ ಎತ್ತಿ ಎತ್ತಿ ತೆಗೆದಾಗ ತಳದಲ್ಲಿ ಪ್ರುವಿಟ್ ಇದ್ದ, ಅವನ ಕೈಯಳತೆಯಲ್ಲಿ ಚೆಂಡು. ಹೆಬ್ಬೆರಳಿನಗಲ ಕೊಡಬೇಕಿದ್ದ ಕಡೆ ಅವನು ಒಂದು ಗಜ ಕೊಟ್ಟಿದ್ದ.

ಎಂಟನೆಯ ಗಜಕ್ಕೆ ಬಂದಾಗ ಗೋಲಿನ ಗೆರೆ ಹತ್ತು ಗಜಕ್ಕಿಂತ ಹತ್ತಿರವಾಯಿತು. ಅಲ್ಲಿಂದಾಚೆ ಸರಪಳಿಗೆ ಕೆಲಸವಿಲ್ಲ. ಕೋಲನ್ನು ಹುಲ್ಲಿನ ಮೇಲೆ ಮಲಗಿಸಿ ನಾವು ಬರಿಗೈಯಲ್ಲಿ ನಿಂತೆವು. ಮೂರು ಗಜ. ಒಂದು ಗಜ. ಮತ್ತೆ ಮೂರು ಗಜ. ಉಳಿದದ್ದು ಒಂದು ಗಜ, ಒಂದು ಸರದಿ.

ಪ್ರುವಿಟ್ ಬಗ್ಗಿದ. ಟಾಲಿವರ್ ಕೈ ನೆಲಕ್ಕೂರಿದ. ಎದುರಿಗೆ ಬೋಡೆನ್. ಚೆಂಡು ಕದಲಿದ ಕ್ಷಣ ಇಬ್ಬರೂ ಒಬ್ಬರೊಳಗೊಬ್ಬರು ನುಗ್ಗಿ ಅಲುಗಾಡದೆ ನಿಂತರು. ಒಂದು ಉಸಿರಿನಷ್ಟು ಹೊತ್ತು ಯಾರೂ ಮುಂದೆ ಹೋಗಲಿಲ್ಲ, ಯಾರೂ ಹಿಂದೆ ಸರಿಯಲಿಲ್ಲ. ಆಮೇಲೆ ಟಾಲಿವರ್‌ನ ಬಲಗಾಲು ಒಂದು ಗೇಣು ಮುಂದೆ ಹೋಯಿತು. ಎಡಗಾಲು ಇನ್ನೊಂದು ಗೇಣು. ಹತ್ತು ವರ್ಷ ಯಾರಿಗೂ ಬಗ್ಗದ ಮನುಷ್ಯನ ಬೆನ್ನು ನನ್ನ ಕಣ್ಣೆದುರೇ ನಿಧಾನವಾಗಿ ನೆಟ್ಟಗಾಗಿ, ಹಿಂದಕ್ಕೆ ವಾಲಿತು. ಅವರ ಪಕ್ಕದ ಸಂದಿಯಲ್ಲಿ ನಮ್ಮ ಓಟಗಾರ ಗೆರೆ ದಾಟಿ ಬಿದ್ದ.

ತೀರ್ಪುಗಾರನ ಎರಡೂ ಕೈ ಮೇಲೆದ್ದವು. ಆದರೂ ಜನ ತಕ್ಷಣ ಕೂಗಲಿಲ್ಲ. ಎಲ್ಲರಿಗೂ ನನಗಾದ ಹಾಗೇ ಆಗಿರಬೇಕು. ಕಂಡದ್ದನ್ನು ನಂಬಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಬಂದ ಸದ್ದು ಕಿವಿಗಿಂತ ಮೊದಲು ಕಾಲಿನಡಿಯ ನೆಲದಲ್ಲಿ ತಿಳಿಯಿತು. ಟಾಲಿವರ್ ಕುಣಿಯಲಿಲ್ಲ. ಬಗ್ಗಿ ಬೋಡೆನ್‌ಗೆ ಕೈ ಕೊಟ್ಟು ಎಬ್ಬಿಸಿದ. ಇಪ್ಪತ್ತೈದು ಸರದಿ, ಗಡಿಯಾರದಲ್ಲಿ ಹತ್ತು ನಿಮಿಷದ ಮೇಲೆ.

ಆಟ ಸೋತೆವು. ಇಪ್ಪತ್ಮೂರು–ಏಳು. ಕೊನೆಯ ಕಾಲುಭಾಗದಲ್ಲಿ ಬೋಡೆನ್ ಫಿಚ್‌ನನ್ನು ಇನ್ನೊಮ್ಮೆ ಕೆಡವಿದ, ಟಾಲಿವರ್‌ನ ಮೇಲಿಂದಲೇ. ಆದರೆ ಮುಗಿದ ಮೇಲೂ ಜನ ಎದ್ದು ಹೋಗಲಿಲ್ಲ. ನಾವು ಸರಪಳಿ ಸುತ್ತುತ್ತಿದ್ದಾಗ ಬೋಡೆನ್ ತನ್ನ ತಂಡದವರನ್ನು ಬಿಟ್ಟು ನಮ್ಮ ಬದಿಗೆ ನಡೆದು ಬಂದ.

"ಟಾಲಿವರ್, ಇಲ್ಬಾ. ನೀನು ಎಸೆತಕ್ಕೆ ಹಿಂದೆ ಸರಿಯೋವಾಗ ನಿನ್ ಎಡಗಾಲಿನ ಹಿಮ್ಮಡಿ ಮುಂಚೇನೇ ಎದ್ದುಬಿಡುತ್ತೆ. ಇಡೀ ದಿನ ಅದನ್ನೇ ನೋಡ್ಕೊಂಡು ಬರ್ತಿದ್ದೆ."

ಟಾಲಿವರ್ ತನ್ನ ಪಾದ ನೋಡಿಕೊಂಡ. "ನಂಗ್ಯಾಕೆ ಹೇಳ್ತಿದೀರಾ? ಡಿಸೆಂಬರ್‌ನಲ್ಲಿ ಮತ್ತೆ ನಿಮ್ಮೆದುರಿಗೇ ಆಡ್ಬೇಕಲ್ಲ?"

"ಅದಕ್ಕೇ," ಎಂದ ಬೋಡೆನ್. ಅವನ ಭುಜಕ್ಕೊಂದು ಗುದ್ದಿ ಸುರಂಗದ ಕಡೆ ಕುಂಟುತ್ತ ಹೋದ.

ಆ ವರ್ಷ ನಾವು ಗೆದ್ದದ್ದು ಮೂರೇ ಆಟ. ಮೊದಲನೆಯದು ಇನ್ನೆರಡು ವಾರಕ್ಕೆ ಬಂತು, ಮೂರು ಅಂಕಗಳ ಗೆಲುವು, ಜನ ಬೀದಿಯಲ್ಲಿ ಹಾರ್ನ್ ಬಾರಿಸಿದರು. ಡಿಸೆಂಬರಿನಲ್ಲಿ ಒಮಾಹಾಕ್ಕೆ ಹೋದಾಗ ಬೋಡೆನ್‌ಗೆ ಫಿಚ್‌ನನ್ನು ಮುಟ್ಟಲಾಗಲಿಲ್ಲ, ಟಿವಿಯಲ್ಲಿ ನೋಡಿದೆ. ಪ್ರುವಿಟ್‌ನ ಮಂಡಿ ಆ ಚಳಿಗಾಲದಲ್ಲೇ ಕೈಕೊಟ್ಟಿತು, ಮತ್ತೆ ಆಡಲಿಲ್ಲ. ಟಾಲಿವರ್ ನಮ್ಮೂರಲ್ಲಿ ಹನ್ನೊಂದು ವರ್ಷ ಆಡಿದ.

ಆ ಐದನೆಯ ಆಟದ ಸಂಜೆ ವಾಹನ ನಿಲ್ಲಿಸುವ ಬಯಲಿನಲ್ಲಿ ಮಿಲ್ಟ್ ತನ್ನ ಟ್ರಕ್ಕಿನ ಹಿಂಬಾಗಿಲು ತೆರೆದು ಕೂತ. ಹೆಂಡತಿ ಕಟ್ಟಿಕೊಟ್ಟಿದ್ದ ಕೋಸಿನೆಲೆಯ ಕಡುಬು ತಣ್ಣಗಾಗಿತ್ತು. ಒಂದನ್ನು ನನಗೆ ಕೊಟ್ಟ, ತನ್ನದನ್ನು ತಿನ್ನದೆ ಕೈಯಲ್ಲೇ ಹಿಡಿದುಕೊಂಡಿದ್ದ.

"ಇಪ್ಪತ್ತಾರು ವರ್ಷ ಆ ಗೆರೆ ಪಕ್ಕ ನಿಂತಿದೀನಿ ಡೆನಿಸ್," ಎಂದ. "ಗೆದ್ದ ತಂಡಗಳ ಜೊತೆ ಬೇಕಾದಷ್ಟು ನಡೆದಿದೀನಿ."

"ಹ್ಞೂ."

"ಇಂಥದ್ದು ನೋಡಿರ್ಲಿಲ್ಲ ಕಣೋ."

ಮೈದಾನದ ದೀಪಗಳು ಒಂದೊಂದಾಗಿ ಆರುತ್ತಿದ್ದವು, ಒಳಗಿನಿಂದ ಜನ ಇನ್ನೂ ಬರುತ್ತಲೇ ಇದ್ದರು, ದೇವಸ್ಥಾನದಿಂದ ಬರುವವರ ಹಾಗೆ ಮೆಲ್ಲಗೆ ಮಾತಾಡಿಕೊಳ್ಳುತ್ತ.